ಮನೆಯ ಆಂಪ್ಲಿಫೈಯರಿಗೆ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಆಯ್ಕೆ

ಕೃಷ್ಣಾ ತೀರದ ಹಿಪ್ಪರಗಿಯಲ್ಲಿ ಬೇಸಗೆಯ ಮಧ್ಯಾಹ್ನ ನೆರಳಿನಲ್ಲಿಯೂ ಉಷ್ಣತೆಯು ೪೦ ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಅಲ್ಲಿಯ ವಿದ್ಯಾರ್ಥಿಯೊಬ್ಬನು ಶ್ರೀಕೃಷ್ಣ ಪಾರಿಜಾತದ ಹಾಡುಗಳನ್ನು ಕೇಳಲೆಂದು ತಾನೇ ಒಂದು ಆಂಪ್ಲಿಫೈಯರನ್ನು ಕಟ್ಟುತ್ತಿರುವನೆಂದು ಭಾವಿಸೋಣ. ಸ್ಪೀಕರನ್ನು ನಡೆಸುವ ಕೊನೆಯ ಜೋಡಿ ಟ್ರಾನ್ಸಿಸ್ಟರುಗಳನ್ನು ಅವನು ಹೇಗೆ ಆರಿಸಬೇಕು? ಇಲ್ಲಿ ತಪ್ಪಿದರೆ ನಷ್ಟವು ಟ್ರಾನ್ಸಿಸ್ಟರಿಗೆ ಮಾತ್ರವಲ್ಲ. ಅದು ಸುಟ್ಟು ಷಾರ್ಟ್ ಆದಾಗ ಪೂರೈಕೆಯ ಏಕಮುಖ ಪ್ರವಾಹವು ನೇರವಾಗಿ ಸ್ಪೀಕರಿಗೆ ಹರಿದು ಅದರ ಸುರುಳಿಯನ್ನೂ ಸುಡಬಲ್ಲದು.

ಮಾಹಿತಿಪತ್ರದಲ್ಲಿರುವ ವ್ಯಾಟ್ ಅಂಕಿಯನ್ನು ನೋಡಿ ಕೊಳ್ಳುವುದು ಅನೇಕರ ವಾಡಿಕೆ. ಆ ಅಂಕಿಯು ಸುಳ್ಳಲ್ಲ. ಆದರೆ ಕವಚವು ೨೫ ಡಿಗ್ರಿಯಲ್ಲಿರುವಾಗ ಮಾತ್ರ ಅದು ನಿಜ.

ಮೊದಲು ವೋಲ್ಟೇಜು ಮತ್ತು ಪ್ರವಾಹಗಳನ್ನು ಗಣಿಸೋಣ. ೮ ಓಮ್ ಸ್ಪೀಕರಿಗೆ ೨೫ ವ್ಯಾಟ್ ಕೊಡಬೇಕಾದರೆ ೧೪.೧ ವೋಲ್ಟ್ ಬೇಕು. ಅಲೆಯ ತುದಿಯಲ್ಲಿ ಇದು ೨೦ ವೋಲ್ಟ್, ಪ್ರವಾಹವು ೨.೫ ಆಂಪಿಯರ್. ಸೋರಿಕೆಗಳನ್ನು ಲೆಕ್ಕ ಹಿಡಿದು ಪೂರೈಕೆಯನ್ನು ಧನ ೨೫, ಋಣ ೨೫ ವೋಲ್ಟ್ ಎಂದಿಟ್ಟುಕೊಳ್ಳೋಣ. ಒಂದು ಟ್ರಾನ್ಸಿಸ್ಟರು ಪೂರ್ಣವಾಗಿ ವಹಿಸುವಾಗ ಇನ್ನೊಂದರ ಮೇಲೆ ಸುಮಾರು ೫೦ ವೋಲ್ಟ್ ಬೀಳುತ್ತದೆ. ಮನೆಯ ವಿದ್ಯುತ್ತು ಏರಿದಾಗ ಇದು ೫೫ ಆಗಬಹುದು. ಪ್ರಸಿದ್ಧವಾದ ೨ಎನ್೩೦೫೫ ಮತ್ತು ಅದರ ಜೊತೆಯ ಎಂಜೆ೨೯೫೫ರ ಮಿತಿ ೬೦ ವೋಲ್ಟ್. ಸಾಲುತ್ತದೆ, ಆದರೆ ಉಳಿತಾಯ ಅಲ್ಪ. ೧೦೦ ವೋಲ್ಟಿನ ಟಿಪ್೩೫ಸಿ, ಟಿಪ್೩೬ಸಿ ಜೋಡಿಯು ಈ ದೃಷ್ಟಿಯಿಂದ ಮೇಲು.

ಇನ್ನು ಉಷ್ಣದ ವಿಚಾರ. ಈ ಪೂರೈಕೆಯಲ್ಲಿ ಪ್ರತಿಯೊಂದು ಟ್ರಾನ್ಸಿಸ್ಟರಿನಲ್ಲಿಯೂ ಹೆಚ್ಚೆಂದರೆ ಸುಮಾರು ೮ ವ್ಯಾಟ್ ಉಷ್ಣವಾಗುತ್ತದೆ. ಸ್ಪೀಕರು ಶುದ್ಧ ರೋಧವಲ್ಲವಾದುದರಿಂದ ೧೦ ಎಂದು ಹಿಡಿಯೋಣ. ಪೆಟ್ಟಿಗೆಯೊಳಗಿನ ಗಾಳಿ ೫೦ ಡಿಗ್ರಿ. ಎರಡೂ ಒಂದೇ ಹೀಟ್ ಸಿಂಕಿನ ಮೇಲಿದ್ದು, ಅದು ವ್ಯಾಟಿಗೆ ೧.೫ ಡಿಗ್ರಿ ಏರುವಂತಹುದಾದರೆ ಅದರ ಉಷ್ಣತೆ ೮೦ ಆಗುತ್ತದೆ. ನಡುವಣ ಅಭ್ರಕದ ಹಾಳೆಯಿಂದಾಗಿ ೨ಎನ್೩೦೫೫ರ ಕವಚವು ೮೫, ಒಳಗಿನ ಸಂಧಿಯು ೧೦೦ ಡಿಗ್ರಿ ಮುಟ್ಟುತ್ತವೆ. ಸಂಧಿಯ ಮಿತಿ ೨೦೦, ಆದುದರಿಂದ ಭಯವಿಲ್ಲ. ಆದರೂ ೧೧೫ ವ್ಯಾಟಿನ ಅದರ ಸಾಮರ್ಥ್ಯವು ಆಗಲೇ ೭೫ಕ್ಕೆ ಇಳಿದಿರುತ್ತದೆ.

ಅದೇ ಜೋಡಿಯನ್ನು ವ್ಯಾಟಿಗೆ ೫ ಡಿಗ್ರಿ ಏರುವ ಸಣ್ಣ ಅಲ್ಯೂಮಿನಿಯಂ ತಗಡಿಗೆ ಬಿಗಿದರೆ? ತಗಡು ೧೫೦, ಸಂಧಿ ೧೭೦ ಡಿಗ್ರಿ. ಸಾಮರ್ಥ್ಯ ಕೇವಲ ೩೦ ವ್ಯಾಟ್. ಸಂಧಿಯ ಮಿತಿಯು ೧೫೦ ಡಿಗ್ರಿಯಿರುವ ಟಿಪ್೩೫ಸಿ ಇಲ್ಲಿ ಉಳಿಯಲಾರದು. ೧೯೫೪ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೦ರ ದಶಕದಲ್ಲಿ ತಯಾರಿಸತೊಡಗಿದ ಟ್ರಾನ್ಸಿಸ್ಟರುಗಳು ಜರ್ಮೇನಿಯಮ್ಮಿನವು. ಜರ್ಮೇನಿಯಂ ಸಂಧಿಯು ಸುಮಾರು ೯೦–೧೦೦ ಡಿಗ್ರಿಗೇ ಮಿತಿ ಮುಟ್ಟುತ್ತದೆ. ಸಿಲಿಕಾನ್ ಅದರ ಸ್ಥಾನವನ್ನು ಆಕ್ರಮಿಸಿದುದಕ್ಕೆ ಇದೂ ಒಂದು ಮುಖ್ಯ ಕಾರಣ.

ಇನ್ನೆರಡು ಎಚ್ಚರಿಕೆಗಳುಂಟು. ಬಿಸಿಯೇರಿದಂತೆ ಟ್ರಾನ್ಸಿಸ್ಟರನ್ನು ತೆರೆಯಲು ಬೇಕಾದ ವೋಲ್ಟೇಜು ಡಿಗ್ರಿಗೆ ಸುಮಾರು ೨ ಮಿಲಿವೋಲ್ಟ್ ಇಳಿಯುತ್ತದೆ. ಇದರಿಂದ ಪ್ರವಾಹ ಹೆಚ್ಚಿ, ಉಷ್ಣ ಹೆಚ್ಚಿ, ಪ್ರವಾಹ ಮತ್ತೆ ಹೆಚ್ಚುತ್ತದೆ. ಇದನ್ನು ತಡೆಯಲು ಬಯಾಸ್ ನಿಯಂತ್ರಿಸುವ ಟ್ರಾನ್ಸಿಸ್ಟರನ್ನೂ ಅದೇ ಹೀಟ್ ಸಿಂಕಿಗೆ ಅಂಟಿಸಬೇಕು. ಎರಡನೆಯದಾಗಿ, ಹೆಚ್ಚು ವೋಲ್ಟೇಜಿನಲ್ಲಿ ಪ್ರವಾಹವು ಸಿಲಿಕಾನಿನ ಒಂದೇ ಬಿಂದುವಿನಲ್ಲಿ ಗುಂಪುಗೂಡಿ ಅದನ್ನು ಕರಗಿಸಬಲ್ಲದು. ೨೫೦ ವ್ಯಾಟಿನ ಎಂಜೆ೧೫೦೦೩ ತಣ್ಣಗಿರುವಾಗ ೫೦ ವೋಲ್ಟಿನಲ್ಲಿ ೫ ಆಂಪಿಯರ್ ತಾಳುತ್ತದೆ. ೧೦೦ ವೋಲ್ಟಿನಲ್ಲಿ ತಾಳುವುದು ೧ ಆಂಪಿಯರ್ ಮಾತ್ರ, ಅಂದರೆ ೧೦೦ ವ್ಯಾಟ್. ಮಾಹಿತಿಪತ್ರದ ಸುರಕ್ಷಿತ ಕ್ಷೇತ್ರದ ನಕ್ಷೆಯು ತೋರಿಸುವುದು ಇದನ್ನೇ.

ಆದುದರಿಂದ ವೋಲ್ಟೇಜು, ಪ್ರವಾಹ, ಸುರಕ್ಷಿತ ಕ್ಷೇತ್ರ, ಕವಚದ ಉಷ್ಣತೆ ಇವುಗಳನ್ನು ಕ್ರಮವಾಗಿ ಪರೀಕ್ಷಿಸಿ, ವ್ಯಾಟ್ ಅಂಕಿಯನ್ನು ಕೊನೆಯಲ್ಲಿ ನೋಡತಕ್ಕದ್ದು. ಕೈಯಲ್ಲಿ ಹಣವು ಮಿತವಾಗಿದ್ದರೆ ದೊಡ್ಡ ಟ್ರಾನ್ಸಿಸ್ಟರಿಗಿಂತ ದೊಡ್ಡ ಹೀಟ್ ಸಿಂಕಿಗೆ ವ್ಯಯಿಸುವುದು ಜಾಣತನ. ವಾಚಕರು ಇದೇ ಪೂರೈಕೆಗೆ ೪ ಓಮ್ ಸ್ಪೀಕರನ್ನು ಜೋಡಿಸಿದಂತೆ ಲೆಕ್ಕ ಮಾಡಿ ನೋಡಲಿ. ಪ್ರವಾಹವೂ ಉಷ್ಣವೂ ಇಮ್ಮಡಿಯಾಗುವುದು ಕಂಡುಬರುತ್ತದೆ.