ಪುಟದ ಬುಡದ ಸಾಲು

ಎಂ.ಬಿ.ಎ. ತರಗತಿಗೆ ಕೇಸುಗಳನ್ನು, ಎಂದರೆ ಉದ್ಯಮಗಳ ಪ್ರಸಂಗಗಳ ಕಥನಗಳನ್ನು, ಇಟ್ಟುಕೊಂಡೇ ಪಾಠ ಹೇಳಬೇಕೆಂಬ ಹಂಬಲ ಮೂಡಿದ ವರ್ಷ, ಹಾರ್ವರ್ಡಿನ ಪ್ರಕಾಶನ ವಿಭಾಗದಲ್ಲಿ ಹೆಸರು ನೋಂದಾಯಿಸಿ, ನಾನು ಅಧ್ಯಾಪಕನೇ ಅಹುದೆಂದು ದೃಢಪಡಿಸಿಕೊಂಡ ಮೇಲೆ ಅವರು ಪರಿಶೀಲನೆಗೆಂದು ತೆರೆದಿತ್ತ ಕೇಸೊಂದನ್ನು ಓದಿ ಪರವಶನಾಗಿ, ಮರುದಿನವೇ ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ 60 ಪ್ರತಿಗಳನ್ನು ಮಾಡಿಸಿ ಹಂಚಿಬಿಟ್ಟೆನು. ಅದು ಅಧ್ಯಾಪಕನ ಪರಿಶೀಲನೆಗೆ ಮಾತ್ರ, ನಕಲು ಮಾಡತಕ್ಕದ್ದಲ್ಲ ಎಂಬರ್ಥದ ಸಾಲು ಪ್ರತಿ ಪುಟದ ಬುಡದಲ್ಲಿಯೂ ಇದ್ದಿತು. ನಮ್ಮ ಗ್ರಂಥಪಾಲಕರು ಅದರ ಮೇಲೆ ಬೆರಳಿಟ್ಟು, "ಮೇಷ್ಟ್ರೇ, ಇದನ್ನು ಓದಿದಿರಾ?" ಎಂದರು.

ನಾನು ಸುಲಭವಾಗಿ ಸೋಲೊಪ್ಪುವವನಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಕಲಮು ಬೋಧನೆಗಾಗಿ ನಕಲು ಮಾಡಿಕೊಳ್ಳಲು ಅಧ್ಯಾಪಕನಿಗೆ ಅವಕಾಶವಿತ್ತಿರುವುದನ್ನೂ, ದಿಲ್ಲಿ ವಿಶ್ವವಿದ್ಯಾನಿಲಯದ ಜೆರಾಕ್ಸ್ ಅಂಗಡಿಯ ವಿರುದ್ಧ ಹೆಸರಾಂತ ಪ್ರಕಾಶಕರು ಹೂಡಿದ್ದ ವ್ಯಾಜ್ಯದಲ್ಲಿ 2016ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ಆ ಕಲಮನ್ನು ಉದಾರವಾಗಿಯೇ ಅರ್ಥೈಸಿದುದನ್ನೂ ಸಾಂಗವಾಗಿ ನಿರೂಪಿಸಿದೆನು. ಅವರು ತಾಳ್ಮೆಯಿಂದ ಕೇಳಿ, "ಶಾಸನ ಕೊಟ್ಟದ್ದು ಒಂದಾಯಿತು, ನೋಂದಾಯಿಸುವಾಗ ನೀವು ಒಪ್ಪಿ ಕೊಟ್ಟ ಮಾತು?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಗ್ರಂಥಕ್ಕಾದರೆ ಪಾಠಶಾಲೆಯ ಹೊರಗೂ ಓದುಗರುಂಟು. ಕೇಸಿಗಾದರೋ ತರಗತಿಯೇ ಪೇಟೆ, ಅಲ್ಲಿ ಬೆಲೆ ತೆರದಿದ್ದರೆ ಬರೆದವನಿಗೆ ಬೇರೆ ಗಿರಾಕಿಯಿಲ್ಲ.

ಬೆಲೆ ತೆತ್ತು ಕೊಳ್ಳುವ ಕ್ರಮ ತೊಡಕಿನದೇನಲ್ಲ. ಬೇಕಾದ ಕೇಸುಗಳನ್ನಾಯ್ದು ಕೋರ್ಸ್‌ಪ್ಯಾಕ್ ಕಟ್ಟಿ, ವಿದ್ಯಾರ್ಥಿಗಳ ಸಂಖ್ಯೆಯನ್ನು ಸೂಚಿಸಿದರೆ ತಲೆಯೊಂದಕ್ಕೆ ಇಷ್ಟೆಂದು ಬೆಲೆ ಬೀಳುತ್ತದೆ. ಮುಂದಿನ ವರ್ಷದ ತಂಡಕ್ಕೆ ಮತ್ತೆ ಹೊಸದಾಗಿ ಕೊಳ್ಳಬೇಕು. ಡಾಲರಿನ ಲೆಕ್ಕ ಕಂಡು ನಮ್ಮ ಪ್ರಾಂಶುಪಾಲರು ಕನ್ನಡಕ ತೆಗೆದಿಟ್ಟರೆಂಬುದು ನಿಜ. ಆದರೆ ಅಹಮದಾಬಾದಿನ ಐ.ಐ.ಎಂ.ಗೆ ತನ್ನದೇ ಆದ ಕೇಸುಗಳ ಭಂಡಾರವುಂಟು, ಎಂ.ಐ.ಟಿ.ಯ ಸ್ಲೋನ್ ಶಾಲೆ ಕೆಲವನ್ನು ಉಚಿತವಾಗಿಯೇ ನೀಡುತ್ತದೆ. ಇಂಗ್ಲೆಂಡಿನ ಕೇಸ್ ಸೆಂಟರಿನಲ್ಲಿಯೂ ಬೆಲೆಯಿಲ್ಲದವು ದೊರೆಯುತ್ತವೆ. ಹಾರ್ವರ್ಡಿನ ಹೆಸರಿಗೆ ಮರುಳಾಗಿ ನಾನು ಇವುಗಳತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಈಗ ಒಂದು ಅವಧಿಗೆ ಬೆಲೆಯುಳ್ಳ ಕೇಸುಗಳು ಮೂರೇ, ಉಳಿದವೆಲ್ಲ ಬೆಲೆಯಿಲ್ಲದವು. ಪಟ್ಟಿ ಸಿದ್ಧವಾಗುವುದು ಪಾಠಗಳ ವೇಳಾಪಟ್ಟಿಗಿಂತ ಎರಡು ತಿಂಗಳು ಮೊದಲು.

ಕೇಸನ್ನು ಪಾಠ ಮಾಡುವ ಬಗೆ ತಿಳಿಸುವ ಟೀಚಿಂಗ್ ನೋಟಿನ ಮಾತು ಬೇರೆ. ಬೋಧಕನಿಗೆ ಮಾತ್ರ ಸಲ್ಲುವ ಆ ಟಿಪ್ಪಣಿಯನ್ನು ಯಾರಿಗೂ ಕೊಡಲಾಗದು. ಮಿತ್ರರು ಕೇಳಿದರೆ, ನೀವೂ ನೋಂದಾಯಿಸಿಕೊಳ್ಳಿರೆಂದಷ್ಟೇ ಹೇಳುತ್ತೇನೆ.

ಅಂದು ಹಂಚಿದ ಪ್ರತಿಗಳನ್ನು ಹಿಂದಿರುಗಿಸಿರೆಂದು ತರಗತಿಯಲ್ಲಿ ಕೇಳಿಕೊಂಡೆನು. 52 ಬಂದವು.