ಗಡಿಯಾರದ ಅಂಕಿಗಳೂ ಗಾಢನಿದ್ರೆಯೂ

ಗಾಢನಿದ್ರೆ 40 ನಿಮಿಷ ಮಾತ್ರವೆಂದು ಸ್ಮಾರ್ಟ್‌ವಾಚ್ ತೋರಿಸಿದ್ದರಿಂದ ಆತಂಕಗೊಂಡಿರುವ ಪತ್ರಲೇಖಕರು ಆ ಅಂಕಿಯನ್ನು ಅಂದಾಜೆಂದೇ ತಿಳಿಯುವುದು ಸೂಕ್ತ. ನಿದ್ರಾ ಪ್ರಯೋಗಾಲಯದ ಪಾಲಿಸಾಮ್ನೋಗ್ರಫಿ ಎಂಬ ಪರೀಕ್ಷೆಯು ಮಿದುಳಿನ ವಿದ್ಯುತ್ ಅಲೆಗಳು, ಕಣ್ಣಿನ ಚಲನೆ ಹಾಗೂ ಗದ್ದದ ಸ್ನಾಯುಗಳ ಬಿಗುವನ್ನು ಒಟ್ಟಿಗೆ ದಾಖಲಿಸಿ ನಿದ್ರೆಯ ಹಂತಗಳನ್ನು ನಿರ್ಧರಿಸಿದರೆ, ಮಣಿಕಟ್ಟಿನ ಸಾಧನವು ಕೈಯ ಅಲುಗಾಟವನ್ನೂ, ಚರ್ಮದೊಳಕ್ಕೆ ಬೆಳಕು ಹಾಯಿಸಿ ಗ್ರಹಿಸಿದ ನಾಡಿಬಡಿತದ ಏರಿಳಿತವನ್ನೂ ಆಧರಿಸಿ ಅವುಗಳನ್ನು ಊಹಿಸುತ್ತದೆ. ಆದ್ದರಿಂದ ನಿದ್ರೆಯ ಒಟ್ಟು ಅವಧಿಯ ಲೆಕ್ಕದಷ್ಟು ಹಂತಗಳ ವಿಂಗಡಣೆ ನಂಬಲರ್ಹವಲ್ಲ. ಅಲುಗಾಡದೆ ಎಚ್ಚರವಾಗಿ ಮಲಗಿರುವವರನ್ನೂ ಅದು ನಿದ್ರಿಸುತ್ತಿರುವವರೆಂದು ಬಗೆಯುವುದುಂಟು.

ಗಾಢನಿದ್ರೆಯು ರಾತ್ರಿಯ ಮೊದಲ ಭಾಗದಲ್ಲೇ ಹೆಚ್ಚಾಗಿದ್ದು, ವಯಸ್ಸಾದಂತೆ ಸಹಜವಾಗಿ ಕುಗ್ಗುತ್ತದೆ. ಅಂಕಿಗಳ ಬೆನ್ನುಹತ್ತಿ ನಿದ್ರೆ ಕೆಡಿಸಿಕೊಳ್ಳುವ ಸ್ಥಿತಿಗೆ ಅಮೆರಿಕದ ಸಂಶೋಧಕರು 2017ರಲ್ಲಿ 'ಆರ್ಥೋಸಾಮ್ನಿಯಾ' ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಹೀಗಿರುವಾಗ ಕೆಲವು ವಾರ ಗಡಿಯಾರವನ್ನು ಕಳಚಿಟ್ಟು, ರಜಾದಿನಗಳಲ್ಲೂ ಒಂದೇ ಹೊತ್ತಿಗೆ ಎದ್ದು, ದೇಹದಲ್ಲಿ ಅರ್ಧದಷ್ಟು ಕರಗಲು ಕೆಫೀನಿಗೆ ಸುಮಾರು 5 ಗಂಟೆ ಬೇಕಾಗುವುದರಿಂದ ಸಂಜೆಯ ಕಾಫಿಯನ್ನು (ಇದೇ ಬಹುಶಃ ಎಲ್ಲಕ್ಕಿಂತ ಕಠಿಣ) ಬಿಟ್ಟು ನೋಡುವುದು ಒಳ್ಳೆಯದು. ನಿದ್ರೆ ಬಾರದಾಗ ಹೊರಳಾಡುತ್ತ ಉಳಿಯದೆ ಹಾಸಿಗೆಯಿಂದೆದ್ದು, ತೂಕಡಿಕೆ ಬಂದ ಮೇಲಷ್ಟೇ ಮರಳಬೇಕು. ಜೋರಾದ ಗೊರಕೆ, ಉಸಿರುಗಟ್ಟಿ ಎಚ್ಚರವಾಗುವುದು ಅಥವಾ ಹಗಲಿನ ಅತಿಯಾದ ತೂಕಡಿಕೆ ಇದ್ದಲ್ಲಿ, ಗಡಿಯಾರ ಏನೇ ಹೇಳಲಿ, ವೈದ್ಯರನ್ನು ಕಾಣುವುದು ಅಗತ್ಯ.