ಥೈರಾಯ್ಡ್ ಗಂಟಿಗೆ ಸೂಜಿ ಪರೀಕ್ಷೆ: ಚೆನ್ನೈಗೆ ಹೊರಟವರಿಗೆ

ಕತ್ತಿನಲ್ಲಿ ಗಂಟು ಕಂಡರೆ ಮನೆಮಂದಿಯೆಲ್ಲ ಕ್ಯಾನ್ಸರ್ ಎಂದೇ ಹೆದರುತ್ತಾರೆ. ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಅಪಾಯವಿಲ್ಲದವು. ಉಳಿದವನ್ನು ಬೇರ್ಪಡಿಸಿ ಹಿಡಿಯಲು ಇರುವುದೇ ಎಫ್‌ಎನ್‌ಎಸಿ ಎಂಬ ಸೂಜಿ ಪರೀಕ್ಷೆ. ಚೆನ್ನೈಯಲ್ಲಿ ಸೆಂಟ್ರಲ್ ರೈಲು ನಿಲ್ದಾಣದ ಎದುರಿಗಿರುವ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಥೈರಾಯ್ಡ್‌ನಂಥ ಗ್ರಂಥಿಗಳ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 1954ರಿಂದ ಕೆಲಸ ಮಾಡುತ್ತಿದೆ.

ಆದರೆ ಸೂಜಿಗೆ ಅವಸರ ಬೇಡ. ಮೊದಲು ಟಿಎಸ್‌ಎಚ್ ರಕ್ತಪರೀಕ್ಷೆ, ಕತ್ತಿನ ಅಲ್ಟ್ರಾಸೌಂಡ್ ಆಗಲಿ. ಟಿಎಸ್‌ಎಚ್ ಕಡಿಮೆಯಿದ್ದರೆ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸುತ್ತಾರೆ. ಗಂಟೇ ಹಾರ್ಮೋನು ಸುರಿಸುತ್ತಿದೆ ಎಂದು ಕಂಡರೆ ಸಾಮಾನ್ಯವಾಗಿ ಸೂಜಿಯ ಅಗತ್ಯವಿಲ್ಲ. ಅಲ್ಟ್ರಾಸೌಂಡ್ ವರದಿಯಲ್ಲಿ ಗಂಟಿನ ಅನುಮಾನದ ಮಟ್ಟ ಹೇಳುವ ಟೈ-ರಾಡ್ಸ್ ಅಂಕ ನೋಡಿ. ಅಂಕ 3 ಇದ್ದರೆ 2.5 ಸೆಂ.ಮೀ., 4 ಇದ್ದರೆ 1.5, 5 ಇದ್ದರೆ 1 ಸೆಂ.ಮೀ. ಮುಟ್ಟಿದ ಗಂಟಿಗಷ್ಟೇ ಸಾಮಾನ್ಯವಾಗಿ ಸೂಜಿ. ಗಂಟು ಸಿಕ್ಕಿತೆಂದು ಎಲ್ಲಕ್ಕೂ ಚುಚ್ಚಿಸುವುದು ದುಡ್ಡಿಗೂ ನೆಮ್ಮದಿಗೂ ದಂಡ.

ಪರೀಕ್ಷೆಯ ದಿನ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮುಂಚೆಯೇ ಹೇಳಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಭುಜದ ಕೆಳಗೆ ದಿಂಬಿಟ್ಟು ಕತ್ತನ್ನು ಹಿಂದಕ್ಕೆ ಚಾಚಿ ಮಲಗಿಸುತ್ತಾರೆ. ರಕ್ತ ತೆಗೆಯುವ ಸೂಜಿಗಿಂತ ಸಣ್ಣದನ್ನು ಗಂಟಿನೊಳಗೆ ಇಳಿಸಿ, ಕೆಲವು ಸೆಕೆಂಡು ಹಿಂದೆಮುಂದೆ ಆಡಿಸಿ ಹೊರತೆಗೆಯುತ್ತಾರೆ. ಹೀಗೆ ಎರಡು-ಮೂರು ಸಲ. ಸೂಜಿ ಒಳಗಿದ್ದಾಗ ಮಾತಾಡಬೇಡಿ, ಎಂಜಲು ನುಂಗಬೇಡಿ. ‘ಮುಳುಂಗಾದೀಂಗ’ ಎಂದು ಸಿಸ್ಟರ್ ತಮಿಳಿನಲ್ಲಿ ಹೇಳುವುದೂ ಇದನ್ನೇ. ಸೂಜಿಯ ತುದಿಯ ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಸವರುತ್ತಾರೆ. ಕೆಲವನ್ನು ಗಾಳಿಗೆ ಒಣಗಿಸುತ್ತಾರೆ, ಕೆಲವನ್ನು ಆಲ್ಕೋಹಾಲ್‌ನಲ್ಲಿ ಅದ್ದುತ್ತಾರೆ. ಬಳಿಕ ಕೆಲ ನಿಮಿಷ ಹತ್ತಿ ಒತ್ತಿ ಹಿಡಿದು ಮನೆಗೆ ಹೊರಡಬಹುದು. ಸ್ವಲ್ಪ ನೋವು, ನೀಲಿ ಕಲೆ ಸಹಜ. ಕತ್ತು ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಮರಳಿ.

ವರದಿಯಲ್ಲಿ ಬೆಥೆಸ್ಡಾ ಎಂಬ ಹೆಸರಿನ ಮುಂದೆ 1ರಿಂದ 6ರವರೆಗಿನ ಒಂದು ಅಂಕಿ ಇರುತ್ತದೆ. 1 ಎಂದರೆ ಜೀವಕೋಶ ಸಾಲದು, ಸಾಮಾನ್ಯವಾಗಿ ಮತ್ತೆ ಚುಚ್ಚಬೇಕು. ಅದನ್ನು ‘ಏನೂ ಇಲ್ಲ’ ಎಂದು ಓದಿಕೊಂಡು ಸುಮ್ಮನಾಗುವವರಿದ್ದಾರೆ. 2 ನಿರಪಾಯ, ಆದರೂ ಸ್ಕ್ಯಾನ್ ಮಾಡಿಸುತ್ತಿರಬೇಕು. 3 ಅನುಮಾನದ ಗಡಿ. 5 ಗಾಢ ಅನುಮಾನ, 6 ಕ್ಯಾನ್ಸರ್. ತಲೆನೋವಿನದು 4, ಅಂದರೆ ಫೊಲಿಕ್ಯುಲರ್ ಎಂಬ ಬಗೆಯ ಗಂಟು. ಇಂಥ ಗಂಟಿನಲ್ಲಿ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು, ಜೀವಕೋಶಗಳು ಗಂಟಿನ ಹೊದಿಕೆಯನ್ನು ಅಥವಾ ರಕ್ತನಾಳವನ್ನು ಭೇದಿಸಿವೆಯೇ ಎಂಬುದರ ಮೇಲೆ ನಿಂತಿದೆ. ಸೂಜಿಯಲ್ಲಿ ಬರುವುದು ಬಿಡಿ ಜೀವಕೋಶಗಳು, ಹೊದಿಕೆಯಲ್ಲ. ಆಗ ಥೈರಾಯ್ಡ್‌ನ ಅರ್ಧಭಾಗ ತೆಗೆದು ನೋಡಬೇಕಾದೀತು. ಅದು ವೈದ್ಯರ ತಪ್ಪಲ್ಲ, ಪರೀಕ್ಷೆಯ ಮಿತಿ.

ಊರಿಗೆ ಮರಳುವ ಮುನ್ನ ವರದಿಯ ಜೊತೆ ಸ್ಲೈಡ್‌ಗಳನ್ನೂ ಕೇಳಿ. ಮುಂದಿನ ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೇ ಆಗಲಿ, ಮೈಸೂರಿನಲ್ಲೇ ಆಗಲಿ, ಅಲ್ಲಿನ ಪೆಥಾಲಜಿಸ್ಟ್ ಅವನ್ನೇ ಮತ್ತೊಮ್ಮೆ ನೋಡಿ ಅಭಿಪ್ರಾಯ ಹೇಳಬಲ್ಲರು.